ಓರೆಯಾದ ಹಲಗೆ

"ಸತ್ತ ಮಗಳನ್ನ ಜೋಕಾಲ್ಯಾಗ ಕುಂದ್ರಿಸಿ ಆಟ ಆಡಾಕತ್ತಾರ್ರಿ ಅಕ್ಕಾರ. ಯಾರಂತ ಹುಡುಕಿ ಕೊಡ್ರಿ."

ಹಿರೇಬೆಂಡಿಗೇರಿಯ ಶೇಖವ್ವ ಬಾಗಿಲಲ್ಲೇ ನಿಂತು ಹೀಗೆಂದಾಗ, ಸವಣೂರಿನ ನಮ್ಮ ಪತ್ತೇದಾರಿ ರಾಜಶ್ರೀ ವೀಳ್ಯದೆಲೆ ಮಡಚುವುದನ್ನು ನಿಲ್ಲಿಸಿದಳು. ಅವಳ ಗೆಳತಿ ಶಾಹೀನ, ಅಂದರೆ ನಾನು, ಆಗಲೇ ಚಪ್ಪಲಿ ಮೆಟ್ಟಿದ್ದೆ.

ಶೇಖವ್ವನ ಮಗ ಸುದೀಪ ಮತ್ತು ಅವನ ಗೆಳೆಯ ಮುಬಶೀರ ಬ್ರೌಸರಿನಲ್ಲಿ ಆಡುವ ಪಂಚಮಿ ಆಟವೊಂದನ್ನು ಮಾಡಿದ್ದರು. ಅದರಲ್ಲಿ ಜೋಕಾಲಿ ಜೀಕಬಹುದು, ನಿಂಬೆಹಣ್ಣು ಎಸೆಯಬಹುದು. ಭಾರ, ಪುಟಿತ, ಗಾಳಿಯ ತಡೆಗಳ ಲೆಕ್ಕವನ್ನೆಲ್ಲ ಒಂದು ಸಿದ್ಧ ಫಿಸಿಕ್ಸ್ ಲೈಬ್ರರಿ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಮು, ನೋಡಿಕೊಳ್ಳುತ್ತಿತ್ತು. ಶೇಖವ್ವನ ಮಗಳು ಸಮತಾ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಈಗ ಆ ಆಟದ ಖಾಲಿ ಜೋಕಾಲಿ ನಿಲ್ಲದೆ ತೂಗುತ್ತಿತ್ತು. ಶೇಖವ್ವ ಊಟ ಬಿಟ್ಟಿದ್ದಳು. ಇದು ಮುಬಶೀರನದೇ ಕಿತಾಪತಿ ಇರಬೇಕೆಂದು, ಮನೆಮಗನಂತಿದ್ದ ಹುಡುಗನಿಗೆ ಹೊಸ್ತಿಲು ತುಳಿಯಬೇಡ ಎಂದಿದ್ದಳು. ನನಗಂತೂ ಸಿಟ್ಟೇ ಬಂತು.

ನಾವು ಹೋದಾಗ ಶೇಖವ್ವನ ಮನೆಯ ಗೋಡೆಯ ಮೇಲೊಂದು ಪಂಚಮಿಯ ಫೋಟೋ ಇತ್ತು. ಒಂದೇ ಹಲಗೆಯ ಮೇಲೆ ಅಣ್ಣ ತಂಗಿ, ತಂಗಿ ಬಲಕ್ಕೆ; ಹಿಂದೆ ನಿಂತು ತಳ್ಳುತ್ತಿದ್ದವನು ಮುಬಶೀರ.

ಪರದೆಯ ಮೇಲೆ ಜೋಕಾಲಿ ಸದ್ದಿಲ್ಲದೆ ಹೋಗಿ ಬರುತ್ತಿತ್ತು. ಹಲಗೆ ಬಲಕ್ಕೆ ವಾಲಿತ್ತು. ಮಟಮಟ ಮಧ್ಯಾಹ್ನದಲ್ಲೂ ನಾನು ರಾಜಶ್ರೀಯ ಪಕ್ಕಕ್ಕೆ ಸರಿದೆ.

"ದೆವ್ವಕ್ಕ ನಿಂಬೆಹಣ್ಣು ಹೆಂಗೂ ಬೇಕಲ್ಲ," ಎಂದು ರಾಜಶ್ರೀ ಆಟದಲ್ಲಿ ಒಂದನ್ನು ಎಸೆದಳು. ಹಣ್ಣು ಹಲಗೆಯ ಬಲತುದಿಯ ಮೇಲೆ ಬರೀ ಗಾಳಿಗೆ ಬಡಿದು ಕೆಳಗೆ ಬಿತ್ತು. ಎಡಕ್ಕೆ ಎಸೆದದ್ದು ತಡೆಯಿಲ್ಲದೆ ದಾಟಿ ಹೋಯಿತು. ಶೇಖವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರಾಜಶ್ರೀ ಮುಬಶೀರನನ್ನೂ ಕರೆಸಿ ಎಲ್ಲರನ್ನೂ ಕೂರಿಸಿದಳು.

"ಅಲ್ಲಿ ಒಂದು ಭಾರ ಕುಂತೈತಿ, ಅದಕ್ಕ ಚಿತ್ರ ಇಲ್ಲ ಅಷ್ಟ. ಲೈಬ್ರರಿ ಭಾರದ ಲೆಕ್ಕಾ ಹಾಕತೈತಿ, ಅದು ನಮ್ಮ ಕಣ್ಣಿಗೆ ಕಾಣಬೇಕಂತಿಲ್ಲ. ಗಾಳಿ ತಡೀನೂ ಸೊನ್ನೆ ಮಾಡ್ಯಾರ, ಅದಕ್ಕ ಒಮ್ಮೆ ಜೀಕಿದ್ದು ನಿಲ್ಲಂಗಿಲ್ಲ. ಇದು ಇಬ್ಬರಿಗೂ ಬರೋ ಕೆಲಸ. ಆದರ ಅಂಜಿಸಬೇಕನ್ನಾಂವ ನಟ್ಟನಡುವ ಕುಂದ್ರಿಸ್ತಿದ್ದ. ಇಲ್ಲಿ ಎಡಕ್ಕ ಜಾಗಾ ಬಿಟ್ಟಾರ. ಶೇಖವ್ವಾರ, ಸಮತಾನ ಎಡಕ್ಕ ಯಾರು ಕುಂದ್ರತಿದ್ರು?"

ಶೇಖವ್ವ ಫೋಟೋ ನೋಡಿದಳು. ಸುದೀಪ ತಲೆ ತಗ್ಗಿಸಿದ.

"ನಾನ ಯವ್ವಾ. ಅಕಿ ಜೋಕಾಲಿ ನಿಲ್ಲಬಾರದು ಅನಿಸ್ತು. ನೀನು ಅಂಜಿದ ಮ್ಯಾಲೆ ತೆಗೀಬೇಕಂದ್ರ ಕೈ ಬರಲಿಲ್ಲ. ಮುಬಶೀರನ ಮ್ಯಾಲೆ ಅಪವಾದ ಬಂದಾಗೂ ಬಾಯಿ ಬಿಡಲಿಲ್ಲ."

ಶೇಖವ್ವ ಎದ್ದು ಬಂದು ಮುಬಶೀರನ ಕೈ ಹಿಡಿದಳು. "ತಪ್ಪಾತಪ್ಪಾ. ಇದು ನಿನ್ನ ಮನೀನ." ಮಗನತ್ತ ತಿರುಗಿ, "ಅಕಿನ್ನ ತೆಗೀಬ್ಯಾಡ. ಒಬ್ಬಾಕಿನ್ನ ಕುಂದ್ರಿಸಿದಿ, ನೀನೂ ಹತ್ತು," ಎಂದಳು.

ಸುದೀಪ ಎಡತುದಿಗೆ ಇನ್ನೊಂದು ಕಾಣದ ಭಾರ ಇಟ್ಟ. ಹಲಗೆ ಸಮವಾಯಿತು. ಮುಬಶೀರ ಮೌಸ್ ಹಿಡಿದು ಮೆಲ್ಲಗೆ ತಳ್ಳಿದ. ಶೇಖವ್ವ ಒಳಗಿನಿಂದ ರೊಟ್ಟಿ ಬುಟ್ಟಿ ತಂದು, ಖಾಲಿ ಜೋಕಾಲಿ ನೋಡುತ್ತ ಮೊದಲ ತುತ್ತು ತಾನೇ ತಿಂದಳು.