ಎಂಟನೆಯ ಬೋಲ್ಟು

ಏಳು ವರ್ಷದಿಂದ ಯಾರ ಮೇಲೆ ಹಲ್ಲು ಮಸೆಯುತ್ತಿದ್ದಳೋ ಆ ದಾವೂದ್ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಾಗ ಜಹೀದಾಳಿಗೆ ಖುಷಿಯೇ ಆಯಿತು. ಖುಷಿಯನ್ನು ಮುಖದ ಮೇಲೆ ಬರಗೊಡಲಿಲ್ಲ, ಅಷ್ಟೆ.

"ಬೋಲ್ಟು ಬೇಕಿತ್ತು," ಎಂದ.

"ಇಲ್ಲಿ ಬೋಲ್ಟಿನ ಅಂಗಡಿ ಐತೇನು?"

"ಅಂಗಡೀಲಿ ಸಿಕ್ಕಿದ್ರೆ ನಿನ್ನ ಬಾಗಿಲಿಗೆ ಬರೋ ಧೈರ್ಯ ನನಗೆಲ್ಲಿ ಬರ್ತಿತ್ತು?"

ಅವನು ಹೇಳಿದ್ದು ನಿಜ. ಮಹಾಯುದ್ಧ ಶುರುವಾದ ಮೇಲೆ ಅಂಥ ಸಾಮಾನು ಚನ್ನಗಿರಿಯಲ್ಲಿರಲಿ, ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಸೂಳೆಕೆರೆ ಬಯಲಿನಲ್ಲಿ ಕೊಟ್ರಬಸಪ್ಪನವರ ಸೀಮೆಎಣ್ಣೆ ಟ್ರ್ಯಾಕ್ಟರು ಕೆಟ್ಟು ಬಿದ್ದಿತ್ತು. ಅದರ ಇಂಜಿನ್ ಮತ್ತೆ ಕಟ್ಟಲು ದಾವೂದ್ ಹರಿಹರದಿಂದ ಬಂದಿದ್ದ. ಇಂಜಿನ್ನಿನೊಳಗೆ ಓಡಾಡುವ ನಾಲ್ಕು ಕನೆಕ್ಟಿಂಗ್ ರಾಡಿಗೆ ತಲಾ ಎರಡರಂತೆ ಎಂಟು ಬೋಲ್ಟು ಬೇಕು. ಅವು ಇದ್ದದ್ದು ತೀರಿಕೊಂಡ ಲಾಲ್‌ಸಾಬ್ ಮಿಸ್ತ್ರಿಯವರ ಪೆಟ್ಟಿಗೆಯಲ್ಲಿ ಮಾತ್ರ. ಬಿಚ್ಚಿದ ಯಾವ ಬೋಲ್ಟನ್ನೂ ಬಿಸಾಡಿದವರಲ್ಲ ಆ ಪುಣ್ಯಾತ್ಮ. ಜಹೀದಾಳಿಗೆ ತಂದೆ, ದಾವೂದನಿಗೆ ಕೆಲಸ ಕಲಿಸಿದ ಉಸ್ತಾದ್.

ಏಳು ವರ್ಷದ ಹಿಂದೆ ಇದೇ ಇಂಜಿನ್ನನ್ನು ಲಾಲ್‌ಸಾಬ್ ಕಟ್ಟಿದ್ದರು. ಮೂರನೆಯ ದಿನ ಒಂದು ಬೋಲ್ಟು ತುಂಡಾಗಿ, ರಾಡು ಇಂಜಿನ್ನಿನ ಗೋಡೆ ಒಡೆದುಕೊಂಡು ಹೊರಗೆ ಬಂತು. ಯಾರ ಬೆರಳೂ ಹೋಗಲಿಲ್ಲ. ಹೋದದ್ದು ಲಾಲ್‌ಸಾಬರ ಹೆಸರು. "ಮುದುಕನ ಕೈ ನಡುಗ್ತೈತೆ, ಯಾರೂ ಕೆಲಸ ಕೊಡಬ್ಯಾಡ್ರಿ," ಎಂದು ಕೊಟ್ರಬಸಪ್ಪ ಹತ್ತು ಜನರೆದುರು ಹೇಳಿಬಿಟ್ಟರು. ಆ ಬೋಲ್ಟು ಬಿಗಿದದ್ದು ದಾವೂದ್. ಉಸ್ತಾದ್ ಅದನ್ನು ಮನೆಯೊಳಗೆ ಹೇಳಿದರೇ ಹೊರತು ಊರಲ್ಲಿ ಹೇಳಲಿಲ್ಲ. ದಾವೂದನಂತೂ ಬಾಯಿಯನ್ನೇ ಬಿಡದೆ ಮಾರನೆಯ ದಿನದ ಬಸ್ಸು ಹತ್ತಿದ. ಜಹೀದಾಳ ಜೊತೆ ನಿಶ್ಚಯವಾಗಿದ್ದ ಅವನ ನಿಕಾಹ್ ಅಲ್ಲಿಗೇ ನಿಂತಿತು. ಎರಡು ವರ್ಷ ಸ್ಪ್ಯಾನರ್ ಮುಟ್ಟದೆ ಕೊರಗಿ ಲಾಲ್‌ಸಾಬ್ ಹೋಗಿಬಿಟ್ಟರು. ಆಮೇಲೆ ಬಂದ ಸಂಬಂಧಗಳನ್ನೆಲ್ಲ ಜಹೀದಾ ಬೇಡವೆಂದಳು. ಯಾಕೆ ಎಂದರೆ ಸಿಡುಕುತ್ತಿದ್ದಳು.

"ನಾಳೆ ಬಾ, ಆರಿಸಿ ಇಡ್ತೀನಿ," ಎಂದಳು ಈಗ, ಬಹಳ ಒಳ್ಳೆಯವಳಂತೆ.

ಹಳೆಯ ಬೋಲ್ಟು ಆರಿಸುವುದನ್ನು ಅಬ್ಬಾ ಅವಳಿಗೂ ಕಲಿಸಿದ್ದರು. ಸೀಮೆಎಣ್ಣೆಯಲ್ಲಿ ತೊಳೆದು, ನಟ್ಟನ್ನು ಬರೀ ಬೆರಳಿನಿಂದ ತಿರುಗಿಸಬೇಕು. ಕೊನೆಯತನಕ ಸಲೀಸಾಗಿ ಇಳಿದರೆ ಬೋಲ್ಟು ಗಟ್ಟಿ. ನಡುವೆ ಹಿಡಿದುಕೊಂಡರೆ ಅದು ಎಳೆದುಕೊಂಡು ಉದ್ದವಾಗಿದೆ ಎಂದರ್ಥ. ನೋಡಿದರೆ ಗೊತ್ತಾಗುವುದಿಲ್ಲ, ಒಂದು ದಿನ ಸುಮ್ಮನೆ ಮುರಿಯುತ್ತದೆ. ಜಹೀದಾ ಏಳು ಗಟ್ಟಿ ಬೋಲ್ಟು ಆರಿಸಿದಳು. ಎಂಟನೆಯದಾಗಿ ಬೇಕೆಂದೇ ಎಳೆದುಕೊಂಡಿದ್ದನ್ನು ತೆಗೆದು, ಉಳಿದೆಲ್ಲಕ್ಕಿಂತ ಚೆನ್ನಾಗಿ ಉಜ್ಜಿ ಹೊಳೆಸಿದಳು. ಮುರಿಯಲಿ. ಈ ಸಲ ಅವನ ಹೆಸರು ಹೋಗಲಿ.

ಮಾರನೆಯ ದಿನ ದಾವೂದ್ ಜಗಲಿಯ ಮೇಲೆ ಕೂತು ಒಂದೊಂದನ್ನೇ ಪರೀಕ್ಷೆ ಮಾಡಿದ. ಅವನ ಬೆರಳುಗಳನ್ನು ನೋಡಬಾರದು ಎಂದುಕೊಂಡೇ ಅವಳು ನೋಡಿದಳು. ಹಾಳಾದ ಬೆರಳುಗಳು ಹಾಗೇ ಇದ್ದವು. ಉಗುರಿನ ಸಂದಿಯಲ್ಲಿ ಗ್ರೀಸು, ಹಿಡಿತ ಮಾತ್ರ ಹೂ ಕಟ್ಟುವವರಷ್ಟು ಮೆತ್ತಗೆ. ಅವನು ತಲೆ ಎತ್ತಿದರೆ ಇವಳು ಹೊಸ್ತಿಲು ನೋಡುವಳು. ಅವನು ಬಗ್ಗಿದ ಕೂಡಲೇ ಕಣ್ಣು ಮತ್ತೆ ಅಲ್ಲಿಗೇ. ಇಷ್ಟು ಶಾಪ ಹಾಕಿದರೂ ಪ್ರೀತಿ ಸತ್ತಿಲ್ಲವೆಂದು ತಿಳಿದು ಅವಳ ಸಿಟ್ಟು ಇನ್ನೂ ಏರಿತು.

ಎಂಟನೆಯದರಲ್ಲಿ ನಟ್ಟು ನಿಂತಿತು.

"ಇದು ಎಳ್ಕೊಂಡೈತೆ, ಜಹೀದಾ."

"ಹೌದಾ? ಆವತ್ತು ನಿನ್ನ ಬೆರಳಿಗೆ ಗೊತ್ತಾಗ್ಲಿಲ್ವೇನು?"

"ಗೊತ್ತಾಗಿತ್ತು."

ಅವನು ಸುಳ್ಳು ಹೇಳುತ್ತಾನೆಂದು ಅವಳು ಹತ್ತಾರು ಉತ್ತರ ಜೋಡಿಸಿಕೊಂಡಿದ್ದಳು. ಒಂದೂ ಕೆಲಸಕ್ಕೆ ಬರಲಿಲ್ಲ.

"ಗೊತ್ತಿದ್ದೂ ಸ್ಪ್ಯಾನರ್ ಹಾಕಿ ಬಿಗಿದೆ. ಬೇರೆ ಹುಡುಕಾಕೆ ಹೊತ್ತಿರಲಿಲ್ಲ. ಕೆರೆ ಏರಿ ಮೇಲೆ ಒಬ್ಬಾಕೆ ಕಾಯ್ತಿದ್ಲು," ಎಂದ ದಾವೂದ್.

ಕಾಯುತ್ತಿದ್ದವಳು ಅವಳೇ. ಆ ಸಂಜೆ ಅವನ ಕೈಯ ಗ್ರೀಸನ್ನು ನಗುತ್ತಾ ಸೆರಗಿನಲ್ಲಿ ಒರೆಸಿದವಳೂ ಅವಳೇ.

"ನಿನ್ನ ತಪ್ಪು ನನ್ನ ತಲೆಗೆ ಕಟ್ಟಬ್ಯಾಡ."

"ಕಟ್ಟಲ್ಲ. ನಿನ್ನ ಹೆಸರು ಎಲ್ಲಿ ಹೊರಗೆ ಬರ್ತದೋ ಅಂತ ಸುಮ್ಮನಿದ್ದೆ ಅಂತ ಏಳು ವರ್ಷ ನನಗೆ ನಾನೇ ಹೇಳ್ಕೊಂಡೆ. ಅದು ಸುಳ್ಳು. ಹೆದರಿದ್ದೆ, ಅಷ್ಟೇ."

"ಹಂಗಾದ್ರೆ ಕೇಳು. ಎಂಟನೇದು, ಗಟ್ಟೀದು, ಒಳಗೈತೆ. ನಾಳೆ ಕೊಟ್ರಬಸಪ್ಪನವರ ಶೆಡ್ಡಿಗೆ ನಾನೇ ತರ್ತೀನಿ. ಆ ಬೋಲ್ಟು ಬಿಗಿದದ್ದು ಯಾರು ಅಂತ ಎಲ್ಲರ ಮುಂದೆ ಹೇಳು. ಆಮೇಲೆ ಕೊಡ್ತೀನಿ."

"ಹೇಳಿದ್ರೆ ಓಡಿಸ್ತಾರೆ. ಸುದ್ದಿ ಹರಿಹರಕ್ಕೂ ಹೋಗ್ತದೆ. ಎಲ್ಲೂ ಕೆಲಸ ಸಿಗಲ್ಲ."

"ಗೊತ್ತು," ಎಂದಳು. ಅವಳಿಗೆ ಬೇಕಾಗಿದ್ದದ್ದೂ ಅದೇ.

ಬೆಳಿಗ್ಗೆ ಶೆಡ್ಡಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಜಹೀದಾ ತಾಯಿ ಅಖ್ತರ್‌ಬೀಯವರನ್ನೂ ಕರೆತಂದಿದ್ದಳು. ದಾವೂದ್ ಕೊಟ್ರಬಸಪ್ಪನವರ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿದ, ಕೆರೆ ಏರಿಯ ಮಾತೊಂದನ್ನು ಬಿಟ್ಟು.

"ಉಸ್ತಾದರ ಕೈ ನಡುಗ್ತಿರಲಿಲ್ಲ, ಯಜಮಾನ್ರೆ. ಮೋಸ ನನ್ನದು."

ಕೊಟ್ರಬಸಪ್ಪ ತಲೆಯ ರುಮಾಲು ತೆಗೆದು ಅಖ್ತರ್‌ಬೀಯವರ ಕಡೆ ತಿರುಗಿದರು.

"ಲಾಲ್‌ಸಾಬರದು ತಪ್ಪಿರಲಿಲ್ಲಮ್ಮ. ದುಡುಕಿದವನು ನಾನು," ಎಂದರು. ದಾವೂದನಿಗೆ, "ನೀನು ನಡಿ ಇಲ್ಲಿಂದ."

ಈ ಗಳಿಗೆಯನ್ನು ಜಹೀದಾ ಎಷ್ಟೋ ಸಲ ಮನಸ್ಸಿನಲ್ಲೇ ಸವಿದಿದ್ದಳು. ಅಬ್ಬಾನ ಹೆಸರು ಮರಳಿ ಬಂದಾಗ ಎದೆ ತುಂಬಿತು. ದಾವೂದ್ ಟವೆಲ್ ಎತ್ತಿಕೊಂಡಾಗ ಮಾತ್ರ, ಛೇ, ಏನೂ ಸವಿ ಅನ್ನಿಸಲಿಲ್ಲ.

"ಅವನೇ ಕಟ್ಟಲಿ, ಯಜಮಾನ್ರೆ," ಎಂದಳು. "ಒಂದೊಂದು ಬೋಲ್ಟೂ ನಾನು ನೋಡಿ ಕೊಡ್ತೀನಿ. ಲಾಲ್‌ಸಾಬರ ಮಗಳು ಕೊಟ್ಟದ್ದು ಮುರಿಯಲ್ಲ."

ಲಾಲ್‌ಸಾಬರ ಹೆಸರಿಗೆ ಆ ಹೊತ್ತಿನಲ್ಲಿ ಯಾರು ಇಲ್ಲವೆನ್ನುತ್ತಾರೆ? ಕೊಟ್ರಬಸಪ್ಪ ತಲೆಯಾಡಿಸಿದರು. ಜಹೀದಾ ದಾವೂದನ ಹತ್ತಿರ ಹೋಗಿ ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಮಾಫ್ ಮಾಡಿದೆ ಅಂದ್ಕೋಬ್ಯಾಡ."

"ಅಂದ್ಕೊಂಡಿಲ್ಲ."

"ಹರಿಹರಕ್ಕೆ ಹೋಗಿ ಹಾಯಾಗಿರಾಕೆ ಬಿಡಲ್ಲ. ದಿನಾ ಎದ್ದು ನನ್ನ ಮುಖ ನೋಡ್ಬೇಕು, ಅಬ್ಬಾನ ನೆನಪಾಗ್ಬೇಕು."

"ದಿನಾನಾ?"

"ಸಾಯೋತನಕ." ಹಾಗೆಂದದ್ದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. "ಮೊದಲು ಅಮ್ಮಿ ಕಾಲು ಹಿಡಿ. ಅವಳು ಒಪ್ಪಿದ್ರೆ ನಿಕಾಹಿಗೆ ಖಾಜಿಯವರನ್ನ ಕರೆಸು."

ದಾವೂದ್ ಚಪ್ಪಲಿ ಬಿಟ್ಟು ಅಖ್ತರ್‌ಬೀಯವರ ಮುಂದೆ ಹೋಗಿ ಬಗ್ಗಿದ. ಅವರು ಅವನ ಕೆನ್ನೆಗೆ ಬಲವಾಗಿ ಒಂದು ಬಾರಿಸಿದರು. ಎರಡನೆಯದಕ್ಕೆಂದು ಎತ್ತಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಅವನ ತಲೆಯ ಮೇಲೆ ಇಳಿಯಿತು.