ಅಕ್ಕನ ಕಾರಿನ ಸ್ಟೀರಿಯೋ

ಕಾರುಗಳಿಗೆ ಸ್ಟೀರಿಯೋ ಕೂರಿಸುವುದು ನನ್ನ ಕಸುಬು. ಭಾವ ತೀರಿಕೊಂಡ ಮೇಲೆ ಅಕ್ಕ ಅವರ ಹಳೇ ಕಾರನ್ನು ಅಂಗಡಿಗೆ ತಂದಳು.

"ಈ ಸೆಟ್ ಕಿತ್ತು ಹೊಸದು ಹಾಕೋ. ಬದುಕಿದ್ದಾಗ ಪಕ್ಕದಲ್ಲಿ ಕೂತು ಬೈದೂ ಬೈದೂ ನನ್ನ ಡ್ರೈವಿಂಗೇ ಬಿಡಿಸಿದ್ರು. ಈಗ ಮತ್ತೆ ಓಡಿಸೋಣ ಅಂದ್ರೆ ಇದರೊಳಗಿಂದ ಬೈತಾರೆ."

"ಹಳೇ ವೈರಿಂಗು ಕಣಕ್ಕ, ಗೊರಗೊರ ಅನ್ನುತ್ತೆ," ಎಂದು ನಕ್ಕೆ.

ಸೆಟ್ ಬಿಚ್ಚಿ ಪಕ್ಕಕ್ಕಿಟ್ಟೆ. ಸ್ಪೀಕರ್ ಸರಿಯಿದೆಯೇ ಎಂದು ನೋಡಲು ಅದರ ತಂತಿಗೆ ಟಾರ್ಚಿನ ಪುಟ್ಟ ಸೆಲ್ ಮುಟ್ಟಿಸುತ್ತೇವೆ; ಟಿಕ್ ಎನ್ನಬೇಕು. ಮುಟ್ಟಿಸಿದೆ. ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು, ಭಾವ ಬೈಯುವ ಮುಂಚೆ ಮಾಡುತ್ತಿದ್ದ ಹಾಗೆಯೇ. ಸೆಟ್ ಇದ್ದ ಗೂಡಿನಿಂದ ತಣ್ಣನೆಯ ಗಾಳಿ ಬಂತು.

"ಕೇಳಿಸ್ತಾ?" ಎಂದಳು ಅಕ್ಕ.

"ಇಲ್ವಲ್ಲ," ಎಂದು ಸುಳ್ಳು ಹೇಳಿದೆ. ಹೊಸ ಸೆಟ್ಟಿನ ಗೋಜಿಗೇ ಹೋಗದೆ ಎಲ್ಲ ಸ್ಪೀಕರುಗಳನ್ನೂ ಕಿತ್ತುಹಾಕಿದೆ. "ಇನ್ಯಾವ ಬಾಯಲ್ಲಿ ಬೈತಾರೆ? ಹೋಗು, ಓಡಿಸು."

ಅಕ್ಕ ಹುಡುಗಿಯಂತೆ ನಗುತ್ತ ಹೊರಟಳು. ತಿರುವಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು. ಕಾರು ಅಲ್ಲೇ ಬಿಟ್ಟು ನಡೆದು ಬಂದು ಕೀಯನ್ನು ನನ್ನ ಕೈಗಿಟ್ಟಳು.

"ಅವರೇ ಇಟ್ಕೊಳ್ಲಿ ಬಿಡೋ."

ಮತ್ತೆಂದೂ ಅವಳು ಸ್ಟೀರಿಂಗ್ ಹಿಡಿಯಲಿಲ್ಲ.

ಕಾರು ಈಗ ಅಂಗಡಿಯ ಮುಂದಿದೆ. ಬ್ಯಾಟರಿಯನ್ನೂ ತೆಗೆದಿದ್ದೇನೆ. ಸುಡುಬಿಸಿಲಲ್ಲೂ ಭಾವ ಕೂರುತ್ತಿದ್ದ ಕಡೆಯ ಗಾಜು ಮಾತ್ರ, ಯಾರೋ ಉಸಿರು ಬಿಟ್ಟಂತೆ, ಒಳಗಿನಿಂದ ಮಸುಕಾಗುತ್ತದೆ.