ಇಟ್ಟಿಗೆ ಚೂರಿನ ಗೆರೆ

ಒಂದಾನೊಂದು ಊರಿನ ಕೋಟೆಗೆ ಒಂದೇ ಒಂದು ದಿಡ್ಡಿ ಬಾಗಿಲು. ರಾಜನ ಗಾಡಿಗಳೂ ಅದರಲ್ಲೇ ನುಸುಳಬೇಕು. ತನ್ನ ಮನೆ ಹಾಳು ಮಾಡಿದ ರಾಜನ ಮೇಲೆ ಹಗೆ ತೀರಿಸಲು ಒಬ್ಬ ಹೆಣ್ಣುಮಗಳು ಆ ಬಾಗಿಲ ಕಾವಲಿಗೆ ಸೇರಿದಳಂತೆ.

"ಇಕ್ಕಟ್ಟಿನ ಬಾಗ್ಲಲ್ಲಿ ಕೂತೋಳ ಕೈಲಿ ರಾಜನ ಗಂಟ್ಲು ಇರ್ತದೆ" ಎನ್ನುತ್ತಿದ್ದಳು ಅಜ್ಜಿ ಮುನಿನಾರಾಯಣಮ್ಮ. ಕಥೆ ಮುಗಿಯುವ ಮೊದಲೇ ಅಂಬಿಕಳಿಗೆ ನಿದ್ದೆ ಬಂದುಬಿಡುತ್ತಿತ್ತು.

ಈಗ ಅಂಥ ಬಾಗಿಲಲ್ಲಿ ಅಂಬಿಕಳೇ ಕೂತಿದ್ದಳು.

ಕ್ಯಾಸಂಬಳ್ಳಿಯ ಹೊಸ ಡೈರಿ ಕಟ್ಟಡಕ್ಕೆ ಅವಳು ಸೈಟ್ ಇಂಜಿನಿಯರ್. ಅವಳ ಸಹಿ ಬೀಳದೆ ಒಂದು ಬಾಂಡ್ಲಿ ಕಾಂಕ್ರೀಟೂ ಮೇಲೇರುವಂತಿಲ್ಲ. ಮೊದಲ ದಿನ ಸಹಿ ಕೇಳಲು ಬಂದ ಮೇಸ್ತ್ರಿಯನ್ನು ಅವಳು ಕಂಡಕೂಡಲೇ ಗುರುತಿಸಿದಳು.

ಸುಬ್ರಮಣಿ...

ಮೂರು ವರ್ಷದ ಹಿಂದೆ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಪಕ್ಕದ ಅವರ ಹೊಸ ಮನೆಯ ಸೂರಿಗೆ ಕಾಂಕ್ರೀಟಿನ ಮೌಲ್ಡ್ ಹಾಕಲು ಬಂದವನು. ಸೂರು ಮುಗಿದ ವಾರಕ್ಕೆ ಅವನಿಗೂ ಅಂಬಿಕಳಿಗೂ ನಿಶ್ಚಿತಾರ್ಥವೆಂದು ಮಾತಾಗಿತ್ತು. ಆದರೆ ಮೌಲ್ಡಿನ ದಿನ, ನೆಂಟರು ಊಟಕ್ಕೆ ಕೂತಿದ್ದಾಗಲೇ ಅರ್ಧಕ್ಕೆ ಕಾಂಕ್ರೀಟ್ ಮಿಷನ್ ನಿಲ್ಲಿಸಿ, ಅವಳಿಗೆ ಒಂದು ಮಾತೂ ಹೇಳದೆ ಹೊರಟುಹೋಗಿದ್ದ. ಅಂದಿನಿಂದ ಅಪ್ಪ ದೊಡ್ಡವೆಂಕಟಪ್ಪ ಊರವರೆದುರು ತಲೆ ಎತ್ತಿಲ್ಲ.

"ಚೆನ್ನಾಗಿದ್ದೀಯಾ ಅಂಬಿಕ?"

"ಸೈಟಲ್ಲಿ ಮೇಡಮ್ ಅನ್ನಿ."

"ಸರಿ ಮೇಡಮ್. ಸೈನ್ ಆಕ್ತೀರಾ?"

"ಮರಳಲ್ಲಿ ಮಣ್ಣಿದೆ. ಬದಲಾಯಿಸಿ."

ಅವನು ಬದಲಾಯಿಸಿದ. ಮರುವಾರ ಕಂಬಿ ಕಟ್ಟಿದ್ದು ಸಡಿಲ ಎಂದಳು. ಬಿಚ್ಚಿ ಮತ್ತೆ ಕಟ್ಟಿಸಿದ. ಜಲ್ಲಿ ಲಾರಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದವು, ಗಾರೆಯಾಳುಗಳು ಬೇವಿನ ನೆರಳಲ್ಲಿ ಚೌಕಾಬಾರ ಆಡಿದರು.

"ಮೇಸ್ತ್ರಿ, ಮೇಡಮ್ಮೋರ ಪೆನ್ನಲ್ಲಿ ಇಂಕಿಲ್ವಂತೆ. ಒಸಿ ತುಂಬ್ಸ್ಕೊಡು" ಎಂದು ಆಳು ರೂಪ ಕಿಚಾಯಿಸಿದಳು.

ಅವನು ನಕ್ಕುಬಿಟ್ಟ. ಆ ನಗೆಗೆ ಅಂಬಿಕಳ ಮೈಯೆಲ್ಲ ಉರಿಯಿತು. ಒಂದು ಸಲವಾದರೂ ಜಗಳಕ್ಕೆ ಬರಬಾರದೇ ಇವನು...

ಶುಕ್ರವಾರದೊಳಗೆ ಸೂರು ಮುಗಿಯದಿದ್ದರೆ ಗುತ್ತಿಗೆ ಇನ್ನೊಬ್ಬರ ಪಾಲು. ಅಷ್ಟಾದರೆ ಅವಳಿಗೆ ಸಾಲದು. ಅಪ್ಪ ನಿಂತಂತೆಯೇ ಇವನೂ ಅರ್ಧ ಸೂರಿನ ಕೆಳಗೆ, ಎಲ್ಲರೆದುರು ನಿಲ್ಲಬೇಕು.

ಶುಕ್ರವಾರ ಬೆಳಿಗ್ಗೆ ಅವಳು ನಗುನಗುತ್ತಲೇ ಸಹಿ ಹಾಕಿದಳು. ಮಿಷನ್ನಿಗೆ ಕಾಯಿ ಒಡೆದರು. ಮಧ್ಯಾಹ್ನದ ಹೊತ್ತಿಗೆ ಸೂರು ಅರ್ಧ ತುಂಬಿತು. ಇದೇ ಸಮಯ! ತಡೆಯಲು ಅಂಬಿಕ ಎದ್ದು ನಿಂತಳು.

ಅವಳು ಬಾಯಿ ತೆರೆಯುವ ಮೊದಲೇ ಸೂರಿನ ಕೆಳಗಿನಿಂದ ಸುಬ್ರಮಣಿ ಕೂಗಿದ. "ನಿಲ್ಸ್ರಲಾ ಮಿಷನ್ನ!"

"ಬಂತಪ್ಪ, ಅರ್ಧ ಮೌಲ್ಡಿನ ಮೇಸ್ತ್ರಿ ಅಂತ ಸುಮ್ನೆ ಅಂತಾರಾ?" ರೂಪ ಗೊಣಗಿದಳು.

ಅಂಬಿಕ ಕೆಳಗೆ ನುಗ್ಗಿದಳು. ಸೂರು ಹೊತ್ತ ಪ್ರತಿ ನೀಲಗಿರಿ ಕಂಬದ ಮೇಲೂ, ಅದರ ಪಕ್ಕದ ಗೋಡೆಯ ಮೇಲೂ, ಒಂದೇ ಮಟ್ಟದಲ್ಲಿ ಇಟ್ಟಿಗೆ ಚೂರಿನಿಂದ ಗೆರೆ ಎಳೆದಿತ್ತು. ಒಂದು ಕಂಬದ ಗೆರೆ ಮಾತ್ರ ಗೋಡೆಯ ಗೆರೆಗಿಂತ ಬೆರಳಗಲ ಕೆಳಗಿಳಿದಿತ್ತು.

"ಬುಡ ಕುಸೀತಿದೆ ಮೇಡಮ್. ಕಲ್ಲು ಚಪ್ಪಡಿ ಕೊಟ್ಟು ಇನ್ನೆರಡು ಕಂಬ ನಿಲ್ಸಿದ್ರೆ ತಡೀತದೆ. ಅರ್ಧ ಗಂಟೆ ಸಾಕು. ಬೈದ್ರೆ ಆಮೇಲೆ ಬೈಯಿರಿ."

ಈ ಗೆರೆಗಳನ್ನು ಅವಳು ಬಲ್ಲಳು...

ಸಂಜೆ ಡೈರಿಯ ಸೂರು ಪೂರ್ತಿಯಾದ ಕೂಡಲೇ ಸ್ಕೂಟರ್ ಏರಿ ಮನೆಗೆ ಓಡಿದಳು. ಅಲ್ಲಿ ಮುಗಿಯದೆ ಉಳಿದ ಅರ್ಧ ಸೂರಿನ ಕೆಳಗೆ ಆ ಹಳೆಯ ಕಂಬಗಳು ಇನ್ನೂ ನಿಂತಿದ್ದವು. ಮಕ್ಕಳು ಗೀಚಿದ್ದೆಂದು ಅವಳು ಅಂದುಕೊಂಡಿದ್ದ ಕೆಂಪು ಗೆರೆಗಳು... ಒಂದೊಂದೂ ಗೋಡೆಯ ಗೆರೆಗಿಂತ ಗೇಣು ಕೆಳಗೆ.

"ಅಪ್ಪಾ, ನೆಲಕ್ಕೆ ಏನು ತುಂಬಿಸಿದ್ರಿ?"

ದೊಡ್ಡವೆಂಕಟಪ್ಪ ಒಂದು ಗೆರೆಯ ಮೇಲೆ ಬೆರಳಾಡಿಸಿದ. "ಗಣಿಯೋರು ಸುರ್ದಿರೋ ಸೈನೈಡ್ ದಿಬ್ಬದ ಬಿಳಿ ಮಣ್ಣು ಅಮ್ಮಣ್ಣಿ. ಅತ್ರದಲ್ಲೇ ಸಿಕ್ತು ಅಂತ ತುಂಬಿಸ್ಬುಟ್ಟೆ. ನೀರು ಕುಡ್ದು ಕುಸೀತು. ಅವ್ನು ನಿಲ್ಲಿಸ್ದೆ ಇದ್ದಿದ್ರೆ ಒಳ್ಗಿದ್ದೋರೆಲ್ಲ ಅಡೀಗ್ ಓಯ್ತಿದ್ರು. ನಂಟ್ರ ಮುಂದೆ ಮರ್ವಾದೆ ಓಗ್ತದೆ, ಯಾರ್ಗೂ ಏಳ್ಬೇಡ ಅಂತ ನಿನ್ ಮೇಲೆ ಆಣೆ ಇಡಿಸ್ಕೊಂಡೆ. ಒಂದಿನ ನಾನೇ ಬಂದು ಮುಗಿಸ್ತೀನಿ ಅಂತ ಅವ್ನು ಒಂಟೋದ. ನಾನೇ ಕರೀಲಿಲ್ಲ."

ಮೂಲೆಯಿಂದ ಅಜ್ಜಿ ಗೊಣಗಿದಳು. "ಆ ಬಾಗ್ಲು ಕಾಯೋಳು ಏಳು ದಿನ ತಡ್ದ ಗಾಡೀಲಿ ಅವಳ ಮನೇಗೇ ಬರ್ತಿದ್ದ ರಾಗಿ ಇತ್ತು ಕಣೇ. ನೀನು ಯಾವತ್ತು ಕೊನೇ ತನ್ಕ ಕಥೆ ಕೇಳ್ದೆ?"

ಮರುದಿನ ಬಂಗಾರಪೇಟೆ ಬಸ್ ಸ್ಟಾಂಡಿನಲ್ಲಿ, ಆಳುಗಳನ್ನು ಹತ್ತಿಸುತ್ತಿದ್ದ ಸುಬ್ರಮಣಿಯ ಎದುರು ಅಂಬಿಕ ನಿಂತಳು.

"ಆ ಮರಳಲ್ಲಿ ಮಣ್ಣಿರಲಿಲ್ಲ."

"ಗೊತ್ತು."

"ಮತ್ತೆ ಯಾಕೆ ಬದಲಾಯಿಸಿದ್ರಿ?"

"ಇನ್ನೊಂದು ದಿನ ನಿನ್ ಮುಖ ನೋಡ್ಬೋದಲ್ಲ ಅಂತ."

ಮೂರು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಅಳು ಅಲ್ಲೇ, ಬಸ್ಸಿನ ಹೊಗೆಯ ನಡುವೆ, ಒಡೆದುಬಿಟ್ಟಿತು.

"ಬಾ, ನಮ್ಮನೆ ಮುಗಿಸಿಕೊಡು" ಎಂದಳು.

ಹಳೆಯ ಅರ್ಧ ಸೂರು ಒಡೆದು, ಬಿಳಿ ಮಣ್ಣು ತೆಗೆದು, ಕೆಮ್ಮಣ್ಣು ತುಂಬಿ ದಿಮ್ಮಸಿನಿಂದ ಬಡಿದು ಗಟ್ಟಿಮಾಡಲು ಎರಡು ತಿಂಗಳಾಯಿತು. ಮೌಲ್ಡಿನ ದಿನ ದೊಡ್ಡವೆಂಕಟಪ್ಪನೇ ಕಾಯಿ ಒಡೆದ. ಆಮೇಲೆ ನೆಂಟರ ಮುಂದೆ ನಿಂತು, ಹಿಂದಿನ ತಪ್ಪು ತನ್ನದೇ ಎಂದ. ಅಂಬಿಕ ಇಡೀ ದಿನ ಕಂಬಗಳ ನಡುವೆ ಗೆರೆ ಕಾಯುತ್ತ ನಿಂತಳು.

ಸಂಜೆ ಕೊನೆಯ ಬಾಂಡ್ಲಿ ಸುರಿದು, ಮಿಷನ್ ಸದ್ದಡಗಿತು. ಸುಬ್ರಮಣಿ ಏಣಿಯಿಂದ ಇಳಿದ, ಹುಬ್ಬಿನವರೆಗೂ ಸಿಮೆಂಟು.

"ಗೆರೆ ಏನಂತದೆ ಮೇಡಮ್?"

"ಕದಲಿಲ್ಲ." ಅವಳು ಸೆರಗಿನಿಂದ ಅವನ ಹುಬ್ಬು ಒರೆಸಿದಳು. "ಮನೇಲಿ ಅಂಬಿಕ ಅನ್ನು."